ಕಾಡೆಂದರೆ ಯಾವುದು?

ನಮ್ಮ ದೇಶದಲ್ಲಿ ನಿಘಂಟಿಗೆ ಸಂದ ಅತಿ ದೊಡ್ಡ ಗೌರವ ಯಾವುದೆಂದು ವಿದ್ಯಾರ್ಥಿಗಳು ಕೇಳಿದರೆ ನಾನು ಯಾವ ಸಾಹಿತ್ಯ ಸಮ್ಮೇಳನವನ್ನೂ ಹೆಸರಿಸುವುದಿಲ್ಲ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ನೀಡಿದ ಒಂದು ಆದೇಶವನ್ನು ಹೆಸರಿಸುತ್ತೇನೆ. ನೀಲಗಿರಿಯ ಗೂಡಲೂರಿನ ಸುತ್ತ ಕಾಡು ನಾಶವಾಗುತ್ತಿರುವುದನ್ನು ಕಂಡು ಮನನೊಂದ ನಿಲಂಬೂರು ಅರಸುಮನೆತನದ ಟಿ. ಎನ್. ಗೋದಾವರ್ಮನ್ ತಿರುಮಲ್ಪಾಡರು 1995ರಲ್ಲಿ ಹೂಡಿದ ಮೊಕದ್ದಮೆ ಅದು. ಆ ಮೊಕದ್ದಮೆಯಲ್ಲಿ ನ್ಯಾಯಾಲಯ, ಅರಣ್ಯವೆಂಬ ಮಾತಿಗೆ ನಿಘಂಟು ಹೇಳುವ ಅರ್ಥವನ್ನೇ ಗ್ರಹಿಸತಕ್ಕದ್ದೆಂದು ವಿಧಿಸಿತು. ಒಡೆತನ ಯಾರದೇ ಆಗಿರಲಿ, ಸರ್ಕಾರ ಅದನ್ನು ಮೀಸಲು ಅರಣ್ಯವೆಂದು ಸಾರಿರಲಿ ಸಾರದಿರಲಿ, ಕಾಡಾಗಿರುವುದೆಲ್ಲವೂ ಕಾಡೇ. ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಬರೆದಿರುವುದೂ ಅರಣ್ಯವೇ. ಒಂದು ಪದದ ಅರ್ಥದ ಮೇಲೆ ಲಕ್ಷಾಂತರ ಎಕರೆ ಭೂಮಿಯ ಹಣೆಬರಹ ನಿಂತದ್ದು ಹೀಗೆ.

ಈ ಹೊಣೆ ನಿಘಂಟಿನ ಮೇಲೆ ಬೀಳಲು ಕಾರಣ ಶಾಸನದ ಮೌನ. 1980ರ ಅರಣ್ಯ ಸಂರಕ್ಷಣಾ ಶಾಸನದ ತಿರುಳು ಇಷ್ಟೆ: ಅರಣ್ಯಭೂಮಿಯನ್ನು ಅರಣ್ಯೇತರ ಕಾರ್ಯಕ್ಕೆ ಕೊಡಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಆದರೆ ಅರಣ್ಯವೆಂದರೆ ಯಾವುದೆಂದು ಆ ಶಾಸನ ಹೇಳಲಿಲ್ಲ. ಅದಕ್ಕೂ ಹಿಂದಿನ, 1927ರ ಭಾರತೀಯ ಅರಣ್ಯ ಶಾಸನವೂ ಹೇಳಿರಲಿಲ್ಲ. ಮರವೆಂದರೇನು, ನಾಟವೆಂದರೇನು, ಅರಣ್ಯೋತ್ಪನ್ನವೆಂದರೇನು ಎಂದೆಲ್ಲ ವಿವರಿಸಿದ ಆ ಶಾಸನ ಅರಣ್ಯದ ಮುಂದೆ ಬಂದಾಗ ಬಾಯಿ ಬಿಡಲಿಲ್ಲ. ಅದು ಕೊಟ್ಟ ಮರದ ವ್ಯಾಖ್ಯೆಯೂ ಸ್ವಾರಸ್ಯವಾದುದೇ. ಬಿದಿರನ್ನು ಅದು ಮರಗಳ ಸಾಲಿಗೆ ಸೇರಿಸಿತ್ತು. ಬಿದಿರು ಹುಲ್ಲಿನ ಜಾತಿಯದೆಂದು ಸಸ್ಯಶಾಸ್ತ್ರ ಎಷ್ಟು ಹೇಳಿದರೂ ಕಾನೂನಿನ ಕಣ್ಣಿಗೆ ಅದು ತೊಂಬತ್ತು ವರ್ಷ ಮರವಾಗಿಯೇ ಇತ್ತು. ತನ್ನ ಹೊಲದ ಬದುವಿನಲ್ಲಿ ತಾನೇ ಬೆಳೆಸಿದ ಬಿದಿರನ್ನು ಕಡಿದು ಸಾಗಿಸಲು ರೈತ ಪರವಾನಗಿಗಾಗಿ ಅಲೆಯಬೇಕಾಗಿತ್ತು. 2017ರ ತಿದ್ದುಪಡಿಯಲ್ಲಿ ಆ ಒಂದು ಪದವನ್ನು ತೆಗೆದುಹಾಕಿದ ಮೇಲೆ ಬಿದಿರು ಮತ್ತೆ ಹುಲ್ಲಾಯಿತು.

ನಿಘಂಟಿನ ಅರ್ಥವೆಂದು ನ್ಯಾಯಾಲಯ ಹೇಳಿತೇ ಹೊರತು ಯಾವ ನಿಘಂಟು ಎಂದು ಹೇಳಲಿಲ್ಲ. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಇದೇ ಮೊದಲ ಪ್ರಶ್ನೆ. ಆದೇಶದ ಭಾಷೆ ಇಂಗ್ಲಿಷ್; ಆದುದರಿಂದ ಇಂಗ್ಲಿಷ್ ನಿಘಂಟೇ ಇರಬೇಕು. ಇಂದಿನ ಇಂಗ್ಲಿಷ್ ನಿಘಂಟುಗಳಲ್ಲಿ ‘ಫಾರೆಸ್ಟ್’ ಎಂದರೆ ಮರಗಳೂ ಪೊದೆಗಳೂ ದಟ್ಟವಾಗಿ ಬೆಳೆದ ವಿಸ್ತಾರವಾದ ನೆಲ. ಆದರೆ ಆ ಮಾತಿನ ಹುಟ್ಟಿನಲ್ಲಿ ಮರದ ನೆರಳೂ ಇಲ್ಲವೆಂಬುದನ್ನು ಕೇಳಿದರೆ ಓದುಗರಿಗೆ ಆಶ್ಚರ್ಯವಾಗಬಹುದು. ‘ಹೊರಗೆ’ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಪದವದು. ಪರದೇಶೀಯ ಎಂಬರ್ಥದ ‘ಫಾರಿನ್’ ಎಂಬ ಮಾತೂ ಅದೇ ಬೇರಿನದು. ನಾರ್ಮನ್ ದೊರೆಗಳು ಇಂಗ್ಲೆಂಡನ್ನು ಗೆದ್ದ ಮೇಲೆ, ಸಾಮಾನ್ಯ ಕಾನೂನಿನ ಹೊರಗೆ, ರಾಜನ ಬೇಟೆಗೆಂದು ತೆಗೆದಿರಿಸಿದ ನೆಲವೇ ಫಾರೆಸ್ಟು. ಅದರಲ್ಲಿ ಮರವಿರಬಹುದು, ಬಯಲಿರಬಹುದು, ಹಳ್ಳಿಗಳೂ ಉಳುವ ಹೊಲಗಳೂ ಇರಬಹುದು. ಅಲ್ಲಿ ಜಿಂಕೆ ಹೊಡೆದವನಿಗೂ ಸೌದೆ ಕಡಿದವನಿಗೂ ಬೇರೆಯೇ ನ್ಯಾಯ, ಬೇರೆಯೇ ದಂಡ. ಈ ಕಟ್ಟಳೆಯಿಂದ ಬೇಸತ್ತ ಜನರ ಸಲುವಾಗಿ 1217ರಲ್ಲಿ ಮೂರನೆಯ ಹೆನ್ರಿಯ ಹೆಸರಿನಲ್ಲಿ ಅರಣ್ಯ ಸನ್ನದು ಹೊರಟು, ಹಂದಿ ಮೇಯಿಸುವ, ಸೌದೆ ತರುವ ಹಕ್ಕುಗಳು ಒಂದಿಷ್ಟು ಮರಳಿ ದೊರೆತವು. ಇಂದಿಗೂ ಇಂಗ್ಲೆಂಡಿನ ಆಶ್‌ಡೌನ್ ಫಾರೆಸ್ಟಿನ ಬಹುಭಾಗ ಕುರುಚಲಿನ ಬಯಲು. ಸ್ಕಾಟ್ಲೆಂಡಿನಲ್ಲಿ ಜಿಂಕೆಯ ಫಾರೆಸ್ಟುಗಳೆಂದು ಕರೆಯಿಸಿಕೊಳ್ಳುವ ಬೆಟ್ಟಗಳಲ್ಲಿ ಮೈಲಿಗಟ್ಟಲೆ ಒಂದು ಮರವಿಲ್ಲ. ಸ್ಥಳನಾಮ ಹಳೆಯ ಅರ್ಥವನ್ನು ಹಿಡಿದುಕೊಂಡಿದೆ. ನಿಘಂಟು ಹೊಸದಕ್ಕೆ ಬಂದಿದೆ.

ನಮ್ಮ ‘ಅರಣ್ಯ’ದ ಕಥೆಯೂ ಇದಕ್ಕೆ ತುಂಬ ದೂರದ್ದಲ್ಲ. ವೇದದ ಭಾಷೆಯಲ್ಲಿ ‘ಅರಣ’ವೆಂದರೆ ದೂರದ, ಪರಕೀಯವಾದ ಎಂದರ್ಥ, ಊರಿನ ಆಚೆಯದು ಅರಣ್ಯ. ‘ವನ’ ಹಾಗಲ್ಲ. ಅದು ಮರವೂ ಹೌದು, ಮರಗಳ ಗುಂಪೂ ಹೌದು, ಮನುಷ್ಯ ನೆಟ್ಟು ಬೆಳೆಸಿದ ತೋಪೂ ಹೌದು. ರಾವಣನ ಅರಮನೆಯ ಪಕ್ಕದಲ್ಲಿದ್ದುದು ಅಶೋಕವನ. ಅಶೋಕಾರಣ್ಯವೆಂದು ಯಾರೂ ಹೇಳರು. ಉಪವನವುಂಟು, ಉದ್ಯಾನವನವುಂಟು, ಉಪಾರಣ್ಯವಾಗಲಿ ಉದ್ಯಾನಾರಣ್ಯವಾಗಲಿ ಇಲ್ಲ. ಈ ಸೂಕ್ಷ್ಮ ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.

ಇನ್ನೂ ವಿಚಿತ್ರವಾದುದು ‘ಜಾಂಗಲ’ದ ಪಾಡು. ಇಂದು ಜಂಗಲ್ ಎಂದೊಡನೆ ಬಳ್ಳಿ ಹೆಣೆದ, ಬಿಸಿಲು ತೂರದ, ತೇವದ ಕಗ್ಗಾಡು ಕಣ್ಣಿಗೆ ಕಟ್ಟುತ್ತದೆ. ಚರಕ ಸುಶ್ರುತರ ವೈದ್ಯಗ್ರಂಥಗಳಲ್ಲಿ ಜಾಂಗಲ ದೇಶವೆಂದರೆ ಅದಕ್ಕೆ ಸರಿಯಾಗಿ ವಿರುದ್ಧ: ನೀರು ಕಡಮೆ, ಮರ ವಿರಳ, ಗಾಳಿ ಬಿಸಿಲು ಧಾರಾಳವಾಗಿರುವ ಒಣ ಬಯಲುಸೀಮೆ. ಜೌಗಿನ ನೆಲಕ್ಕೆ ಅವರು ಅನೂಪವೆಂದರು. ಎರಡರ ನಡುವಿನದಕ್ಕೆ ಸಾಧಾರಣವೆಂದರು. ಜಾಂಗಲದ ಪ್ರಾಣಿಯೆಂದರೆ ಕೃಷ್ಣಮೃಗ, ಚಿಗರೆ. ಆ ಮೃಗ ಸಹಜವಾಗಿ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲವೆಂದು ಮನುಸ್ಮೃತಿಯೂ ಹೇಳುತ್ತದೆ. ಫ್ರೆಂಚ್ ವಿದ್ವಾಂಸ ಫ್ರಾನ್ಸಿಸ್ ಝಿಮ್ಮರ್‌ಮನ್ 1982ರಲ್ಲಿ ಈ ಒಂದು ಪದದ ಬೆನ್ನು ಹತ್ತಿ ಇಡೀ ಗ್ರಂಥವನ್ನೇ ಬರೆದರು. ಕುರುಜಾಂಗಲವೆಂಬ ಹೆಸರು ಮಹಾಭಾರತದಲ್ಲಿದೆ. ಮರುಭೂಮಿಯಂಚಿನ ಬಿಕಾನೇರ್ ಸೀಮೆಗೆ ಜಾಂಗಲದೇಶವೆಂಬ ಹಳೆಯ ಹೆಸರಿತ್ತು. ಅದೇ ಪದ ಹಿಂದೂಸ್ತಾನಿಯಲ್ಲಿ ಬೀಳುನೆಲವೆಂದೂ ಕಾಡೆಂದೂ ಅರ್ಥ ತಳೆದು, ಕಂಪನಿ ಸರ್ಕಾರದ ಕೈಯಲ್ಲಿ 1805ರಿಂದ 1833ರವರೆಗೆ ಬಂಗಾಳದ ಪಶ್ಚಿಮದಂಚಿನಲ್ಲಿ ಜಂಗಲ್ ಮಹಲ್ ಎಂಬ ಜಿಲ್ಲೆಯ ಹೆಸರಾಯಿತು. ಇಂಗ್ಲಿಷಿಗೆ ಹೋಗಿ ದಟ್ಟಡವಿಯಾಗಿ ಮರಳಿ ಬಂದಿತು. ಒಣ ನೆಲದ ಹೆಸರನ್ನು ಹಸಿ ನೆಲ ಕಿತ್ತುಕೊಂಡ ಮೇಲೆ ಒಣ ನೆಲಕ್ಕೆ ಹೆಸರೇ ಉಳಿಯಲಿಲ್ಲ. ಇದರ ನಷ್ಟ ಎಂಥದೆಂಬುದನ್ನು ಆಮೇಲೆ ನೋಡೋಣ.

ಕನ್ನಡದ ‘ಕಾಡು’ ದ್ರಾವಿಡ ಭಾಷೆಗಳಿಗೆಲ್ಲ ಸೇರಿದ ಮಾತು. ಆದರೆ ನೆರೆಹೊರೆಯಲ್ಲಿ ಅದರ ಅರ್ಥ ಒಂದೇ ಆಗಿಲ್ಲ. ತಮಿಳುನಾಡಿನ ಕೊಂಗು ಸೀಮೆಯ ಒಕ್ಕಲಿಗ ‘ಕಾಡಿಗೆ ಹೋಗುತ್ತೇನೆ’ ಎಂದರೆ ತನ್ನ ಮಳೆಯಾಶ್ರಯದ ಹೊಲಕ್ಕೆ ಹೊರಟನೆಂದು ತಿಳಿಯಬೇಕು. ತೆಲುಗಿನಲ್ಲಿ ಅಡವಿಯೆಂಬ ಮಾತು ಕಾಡಿನ ಕೆಲಸವನ್ನು ಮಾಡುವುದರಿಂದ ‘ಕಾಡು’ ಹೆಚ್ಚಾಗಿ ಸ್ಮಶಾನಕ್ಕೆ ಉಳಿದುಕೊಂಡಿತು. ನಮ್ಮಲ್ಲಿಯೂ ಆ ಅರ್ಥ ಸತ್ತಿಲ್ಲ. ‘ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂದು ಹಣ್ಣು ಹಣ್ಣು ಮುದುಕರು ತಮ್ಮ ವಯಸ್ಸನ್ನು ಹೇಳಿಕೊಳ್ಳುವಾಗ ಅವರನ್ನು ಕರೆಯುತ್ತಿರುವುದು ಹುಲಿ ಚಿರತೆಗಳ ಕಾಡಲ್ಲ, ಸುಡುಗಾಡು. ಊರಿಗೆ ಸಲ್ಲದ್ದೆಲ್ಲವೂ ಕಾಡು. ಆ ಅರ್ಥದಲ್ಲಿಯೇ ಕಾಡುಹರಟೆ, ಕಾಡುಪಾಲು, ಕಾಡುಮನುಷ್ಯ. ಇಲ್ಲೆಲ್ಲ ಮರಕ್ಕೂ ಈ ಮಾತಿಗೂ ಸಂಬಂಧವಿಲ್ಲ. ಊರಿನ ಕಡೆಯಿಂದ ನಿಂತು ನೋಡಿ ಇಟ್ಟ ಹೆಸರು ಇದು, ಅರಣ್ಯದಂತೆ, ಫಾರೆಸ್ಟಿನಂತೆ.

ಸ್ಥಳನಾಮಗಳಿಗೆ ಬಂದರೆ, ದಕ್ಷಿಣದಲ್ಲಿ ಕಾಡು ಹೊತ್ತ ಊರುಗಳು ಎಷ್ಟೋ: ಪಾಲಕ್ಕಾಡು, ಆರ್ಕಾಡು, ಏರ್ಕಾಡು. ತಮಿಳುನಾಡಿನ ಕಡಲತಡಿಯ ತಿರುಮರೈಕ್ಕಾಡು ಸಂಸ್ಕೃತದ ಪಾಲಿಗೆ ವೇದಾರಣ್ಯವಾಯಿತು. ಮರೈ ಎಂದರೆ ವೇದ, ಕಾಡು ಅರಣ್ಯ. ನಮ್ಮ ತಲಕಾಡನ್ನು ಗಂಗರ ಸಂಸ್ಕೃತ ಶಾಸನಗಳು ತಲವನಪುರವೆಂದು ಕರೆದವು. ಒಂದೆಡೆ ಕಾಡು ಅರಣ್ಯವಾಯಿತು, ಇನ್ನೊಂದೆಡೆ ವನವಾಯಿತು. ಭಾಷಾಂತರಿಸಿದ ಪಂಡಿತರಿಗೆ ಎರಡರ ಭೇದ ತಿಳಿದಿರಲಿಲ್ಲವೆಂದು ಹೇಳಲಾಗದು. ಇಂದು ತಲಕಾಡಿಗೆ ಹೋದವರು ನೋಡುವುದು ಮರಳು. ಬೆಂಗಳೂರಿನ ಪೂರ್ವಕ್ಕಿರುವ ಕಾಡುಗೋಡಿಯ ಹೆಸರು 2025ರ ಜೂನಿನಲ್ಲಿ ಪತ್ರಿಕೆಗಳಲ್ಲಿ ಮೆರೆಯಿತು. ಕೋಟಿಗಟ್ಟಲೆ ಬೆಲೆಬಾಳುವ ಸುಮಾರು 120 ಎಕರೆ ನೆಲವನ್ನು ಅರಣ್ಯ ಇಲಾಖೆ 1896ರ ಅಧಿಸೂಚನೆಯ ಆಧಾರದಿಂದ ತನ್ನ ವಶಕ್ಕೆ ತೆಗೆದುಕೊಂಡಿತು. ತಲೆಮಾರುಗಳ ಹಿಂದೆಯೇ ಸರ್ಕಾರ ಇದನ್ನು ನಮಗೆ ಮಂಜೂರು ಮಾಡಿತ್ತೆಂದು ಅಲ್ಲಿಯ ಬಡ ಕುಟುಂಬಗಳು ವಾದಿಸಿದವು. ಊರಿನ ಹೆಸರಿನಲ್ಲಿ ಕಾಡಿದೆಯೆಂಬುದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆಗಬೇಕೆಂದು ನಾನೂ ಹೇಳುವುದಿಲ್ಲ. ಹಾಗಾದರೆ ಹಾಸನ, ಬಳ್ಳಾರಿಗಳ ಹೆಸರಿನಿಂದ ಏನೇನು ಹೊರಡಿಸಬಹುದೋ ಯಾರು ಬಲ್ಲರು!

ಆದರೆ ಮಲೆನಾಡಿನ ಮಾತೇ ಬೇರೆ. ಅಲ್ಲಿ ‘ಕಾಡು’ ಎಂಬ ಒಂದೇ ಪದದಿಂದ ಯಾರ ಸಂಸಾರವೂ ನಡೆಯುವುದಿಲ್ಲ. ಕನ್ನಡದ ಮೂರು ದೊಡ್ಡ ಕಾದಂಬರಿಗಳ ಹೆಸರನ್ನು ನೆನೆಯಿರಿ: 1936ರ ‘ಕಾನೂರು ಹೆಗ್ಗಡಿತಿ’, 1943ರ ‘ಬೆಟ್ಟದ ಜೀವ’, 1967ರ ‘ಮಲೆಗಳಲ್ಲಿ ಮದುಮಗಳು’. ಮೂರೂ ಕಾಡಿನ ನಡುವಣ ಬಾಳಿನ ಕಥೆಗಳು. ಒಂದರ ಹೆಸರಿನಲ್ಲಿ ಕಾನು, ಒಂದರಲ್ಲಿ ಬೆಟ್ಟ, ಒಂದರಲ್ಲಿ ಮಲೆ; ಒಂದರಲ್ಲಿಯೂ ಅರಣ್ಯವಿಲ್ಲ. ಕುವೆಂಪು, ಕಾರಂತರಂಥ ಲೇಖಕರು ಪದವನ್ನು ಸುಮ್ಮನೆ ಆರಿಸುವವರಲ್ಲ.

ಕಾನು ಎಂದರೆ ಎಲೆಯುದುರದ, ನೀರು ಹಿಡಿದಿಟ್ಟುಕೊಳ್ಳುವ ಹಸುರು ಕಾಡು. ಸೊರಬ ಸಾಗರಗಳ ಕಡೆ ಅದನ್ನು ಸುತ್ತಲಿನ ಒಣ ಕಾಡಿನಿಂದ ಬೇರೆಯಾಗಿ ಎಣಿಸುವರು. ಊರವರು ಅಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದರು, ಬಗನಿಯಿಂದ ಹೆಂಡ ಇಳಿಸಿದರು, ಜೇನು ತೆಗೆದರು. ಕೊಡಲಿಯನ್ನು ಮಾತ್ರ ಅಳತೆಯಲ್ಲಿಟ್ಟರು. ಹಾಗಾದರೆ ಕಾನು ಕಾಡೋ, ತೋಟವೋ? ಈ ಪ್ರಶ್ನೆ ಬ್ರಿಟಿಷ್ ಆಡಳಿತವನ್ನೂ ಕಾಡಿತು. (ಈ ‘ಕಾಡು’ ಕ್ರಿಯಾಪದ, ಆದರೂ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.) 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ವಿಷಯವಾಗಿ ಜಂಟಿ ವರದಿಯನ್ನೇ ಬರೆಯಬೇಕಾಯಿತು. ಇನ್ನು ಉತ್ತರ ಕನ್ನಡದ ಬೆಟ್ಟ: ಅಡಕೆ ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟ. ಎತ್ತರವಿರಬೇಕೆಂಬ ನಿಯಮವಿಲ್ಲ, ಸಪಾಟಾಗಿದ್ದರೂ ಬೆಟ್ಟವೇ. ತೋಟಕ್ಕೆ ಬೇಕಾದ ಸೊಪ್ಪು, ದರಕು ಬರುವುದು ಅಲ್ಲಿಂದ. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟಿಗನದು. ದಕ್ಷಿಣ ಕನ್ನಡದ ಕುಮ್ಕಿ ವರ್ಗಭೂಮಿಯ ಎಲ್ಲೆಯಿಂದ 100 ಗಜದೊಳಗಿನದು. ಕೊಡಗಿಗೆ ಹೋದರೆ ಬಾಣೆ, ದೇವರಕಾಡು.

ಹಾಡಿಯ ವಿಷಯದಲ್ಲಿ ನನ್ನ ತರಗತಿಯಲ್ಲೊಮ್ಮೆ ಒಳ್ಳೆಯ ವಾದವೇ ನಡೆಯಿತು. ಕುಂದಾಪುರದ ಕಡೆಯ ಹುಡುಗಿಯೊಬ್ಬಳು, ‘ಹಾಡಿಯೆಂದರೆ ಮನೆಯ ಹಿಂದಿನ ಸಣ್ಣ ಕಾಡು, ಸಾರ್’ ಎಂದಳು. ಹೆಗ್ಗಡದೇವನಕೋಟೆಯ ಹುಡುಗನೊಬ್ಬ ಎದ್ದು ನಿಂತು, ‘ಇಲ್ಲ ಸಾರ್, ಹಾಡಿ ಅಂದರೆ ನಮ್ಮ ಊರು, ಅಲ್ಲಿ ನಮ್ಮ ಜನ ಇದ್ದೇವೆ’ ಎಂದ. ಜೇನುಕುರುಬರ ವಸತಿಗೆ ಆ ಸೀಮೆಯಲ್ಲಿ ಹಾಡಿಯೆಂದೇ ಹೆಸರು. ಇಬ್ಬರೂ ಸರಿ. ಒಂದೇ ರಾಜ್ಯದ ಒಂದೇ ಮಾತು ಒಂದು ಜಿಲ್ಲೆಯಲ್ಲಿ ಮರಗಳ ಗುಂಪು, ಇನ್ನೊಂದು ಜಿಲ್ಲೆಯಲ್ಲಿ ಮನೆಗಳ ಗುಂಪು. ಯಾವ ಇಂಗ್ಲಿಷ್ ನಿಘಂಟು ಇದನ್ನು ಇತ್ಯರ್ಥ ಮಾಡೀತು?

ಸ್ವಾರಸ್ಯವೆಂದರೆ ನಮ್ಮ ಕಂದಾಯದ ಕಾನೂನಿಗೆ ಈ ಮಾತುಗಳೆಲ್ಲ ಗೊತ್ತು. 1964ರ ಕರ್ನಾಟಕ ಭೂಕಂದಾಯ ಶಾಸನದ 79ನೆಯ ಪ್ರಕರಣವನ್ನು ನಾನು ಎಂ.ಎ. ವಿದ್ಯಾರ್ಥಿಗಳಿಗೆ ಭಾಷಾ ಪಾಠವಾಗಿಯೇ ತೋರಿಸುವುದುಂಟು. ಕುಮ್ಕಿ, ಬಾಣೆ, ಕಾನೆಗಳು ದಕ್ಷಿಣ ಕನ್ನಡಕ್ಕೆ; ಬೆಟ್ಟ, ಹಾಡಿಗಳು ಉತ್ತರ ಕನ್ನಡಕ್ಕೆ; ಕಾನು, ಸೊಪ್ಪಿನ ಬೆಟ್ಟಗಳು ಹಳೆಯ ಮೈಸೂರಿಗೆ; ಜಮ್ಮಾ, ಬಾಣೆಗಳು ಕೊಡಗಿಗೆ; ಮೋಟಸ್ಥಳ ಹೈದರಾಬಾದು ಪ್ರಾಂತಕ್ಕೆ. ಈ ನೆಲಗಳಲ್ಲಿ ರೂಢಿಯಿಂದ ಬಂದ ಸವಲತ್ತುಗಳು ಮುಂದುವರಿಯತಕ್ಕದ್ದೆಂದು ಆ ಪ್ರಕರಣ ಹೇಳುತ್ತದೆ. ಐದು ಆಡಳಿತಗಳಿಂದ ಬಂದ ಸೀಮೆಗಳನ್ನು 1956ರಲ್ಲಿ ಒಂದುಗೂಡಿಸಿದಾಗ ಜನರ ಬಾಯಲ್ಲಿದ್ದ ಪದಗಳನ್ನು ಶಾಸನ ಬಿಡದೆ ಹೆಕ್ಕಿಕೊಂಡಿತು. ಅಂದರೆ ಕಂದಾಯ ಇಲಾಖೆಯ ಕಪಾಟಿನಲ್ಲಿ ಕನ್ನಡದ ನಿಘಂಟೊಂದಿತ್ತು. ಅರಣ್ಯದ ಮೊಕದ್ದಮೆಯಲ್ಲಿ ಅದನ್ನು ತೆರೆಯುವವರು ಇರಲಿಲ್ಲ.

1996ರ ಆದೇಶದಂತೆ ರಾಜ್ಯಗಳು ಸಮಿತಿಗಳನ್ನು ನೇಮಿಸಿ, ಹೆಸರಿಗೆ ಅರಣ್ಯವಲ್ಲದಿದ್ದರೂ ವಸ್ತುತಃ ಅರಣ್ಯವಾಗಿರುವ ಭೂಮಿಯನ್ನು ಗುರುತಿಸಬೇಕಾಯಿತು. ಇದಕ್ಕೆ ಕನ್ನಡದಲ್ಲಿ ‘ಪರಿಭಾವಿತ ಅರಣ್ಯ’ವೆಂಬ ಘನವಾದ ಮಾತು ಹುಟ್ಟಿದೆ; ಜನರ ಬಾಯಲ್ಲಿ ಮಾತ್ರ ‘ಡೀಮ್ಡ್ ಫಾರೆಸ್ಟು’. ಕರ್ನಾಟಕ 2002ರಲ್ಲಿ ನ್ಯಾಯಾಲಯಕ್ಕೆ ತಿಳಿಸಿದ ಲೆಕ್ಕ 9.94 ಲಕ್ಷ ಹೆಕ್ಟೇರು. 2022ರ ಮೇ ತಿಂಗಳಿನಲ್ಲಿ ಸರ್ಕಾರ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಹಳೆಯ ಪಟ್ಟಿಯಲ್ಲಿ ಊರುಗಳೂ ಶಾಲೆಗಳೂ ಸಾಗುವಳಿಯ ಭೂಮಿಯೂ ಸೇರಿಹೋಗಿದ್ದವೆಂಬುದು ಸರ್ಕಾರದ ಸಮರ್ಥನೆ. ಇರಬಹುದು. ಆದರೂ ಇಪ್ಪತ್ತು ವರ್ಷಗಳಲ್ಲಿ 6.64 ಲಕ್ಷ ಹೆಕ್ಟೇರು ನೆಲ, ಒಂದು ಮರವನ್ನೂ ಕಡಿಯದೆ, ಕಾಡಲ್ಲದ್ದಾಯಿತು. ಮೊದಲ ಪಟ್ಟಿ ಸರಿಯೋ ಎರಡನೆಯದು ಸರಿಯೋ ಎಂದು ಚರ್ಚಿಸುವವರು, ಎರಡನ್ನೂ ಒಂದೇ ಮಾತಿನ ಮೊಳಕೋಲಿನಿಂದ ಅಳೆದರೆಂಬುದನ್ನು ಗಮನಿಸುವುದಿಲ್ಲ. ಅರಣ್ಯ, ಅಥವಾ ಅರಣ್ಯವಲ್ಲ: ಇದಕ್ಕೆ ನಡುವೆ ಮೂರನೆಯ ಮಾತಿಗೆ ಎಡೆಯೇ ಇಲ್ಲ. ಕಾನಿಗೂ ಸೊಪ್ಪಿನ ಬೆಟ್ಟಕ್ಕೂ ಬೇಕಾಗಿರುವುದು ಆ ಮೂರನೆಯ ಎಡೆ. ಅರಣ್ಯವೆಂದರೆ ರೈತನ ಹಕ್ಕು ಹೋಗುತ್ತದೆಂಬ ಭಯ. ಅಲ್ಲವೆಂದರೆ ನಾಳೆ ಅದು ನಿವೇಶನವಾಗುತ್ತದೆಂಬ ಭಯ. ಎರಡು ಭಯಗಳೂ ನಿಜವಾದವು.

ಈ ಮಾತಿನ ಇನ್ನೊಂದು ಮಗ್ಗುಲನ್ನು 2006ರ ಅರಣ್ಯಹಕ್ಕು ಶಾಸನ ತೋರಿಸುತ್ತದೆ. ಆ ಶಾಸನದಲ್ಲಿ ಅರಣ್ಯಭೂಮಿಗೆ ವ್ಯಾಖ್ಯೆಯಿದೆ. ಮೀಸಲು ಅರಣ್ಯ, ಅಭಯಾರಣ್ಯಗಳ ಜೊತೆಗೆ ಪರಿಭಾವಿತ ಅರಣ್ಯವೂ ಅದರಲ್ಲಿ ಸೇರುತ್ತದೆ. 2005ರ ಡಿಸೆಂಬರ್ 13ಕ್ಕೆ ಮುನ್ನ ಅಲ್ಲಿ ಸ್ವತಃ ಸಾಗುವಳಿ ಮಾಡುತ್ತಿದ್ದ ಬುಡಕಟ್ಟಿನವರಿಗೆ ಹಕ್ಕುಂಟು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಈಗ ವಿಚಿತ್ರವನ್ನು ನೋಡಿ. ಬಗರ್‌ಹುಕುಂ ಅರ್ಜಿ ಹಾಕಿದ ರೈತ, ತನ್ನ ನೆಲ ಕಾಡಲ್ಲವೆಂದು ಸಾಧಿಸಬೇಕು. ಪಕ್ಕದಲ್ಲಿಯೇ ಇರುವ ಅರಣ್ಯಹಕ್ಕಿನ ಅರ್ಜಿದಾರ, ತನ್ನದು ಕಾಡೇ ಎಂದು ಸಾಧಿಸಬೇಕು. ನಡುವೆ ಇರುವುದು ಒಂದು ಬೇಲಿ. ಪಹಣಿಯಲ್ಲಿ ಗುಮಾಸ್ತ ಎಂದೋ ಬರೆದ ಒಂದು ಪದ ಒಬ್ಬನಿಗೆ ಅನ್ನ, ಇನ್ನೊಬ್ಬನಿಗೆ ವಿಷ.

ಆಕಾಶದಿಂದ ನೋಡುವವರ ಭಾಷೆ ಮತ್ತೂ ಬೇರೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಉಪಗ್ರಹಚಿತ್ರಗಳ ಆಧಾರದಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ವರದಿ ತರುತ್ತದೆ. ಅದರ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಮೆಯಿಲ್ಲದ ನೆಲದ ಮೇಲೆ ಮರಗಳ ನೆತ್ತಿಯ ನೆರಳು ನೂರಕ್ಕೆ ಹತ್ತರಷ್ಟಿದ್ದರೆ ಅದು ಅರಣ್ಯದ ಹೊದಿಕೆ. ಒಡೆತನ ಯಾರದು, ಮರ ಯಾವುದು ಎಂದು ಕೇಳುವಂತಿಲ್ಲ. ಈ ಅಳತೆಗೆ ತೆಂಗಿನ ತೋಟವೂ ಮಾವಿನ ತೋಪೂ ನೀಲಗಿರಿ ನೆಡುತೋಪೂ ಕಾಡೇ. ವರದಿಯಲ್ಲಿ ಕಾಡು ಹೆಚ್ಚಿತೆಂದು ಓದಿ ಹಿಗ್ಗುವ ಮೊದಲು ಯಾವ ‘ಕಾಡು’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇಲ್ಲಿಯೇ ಆ ಹಳೆಯ ಜಾಂಗಲದ ನಷ್ಟ ಅರಿವಿಗೆ ಬರುವುದು. ಚಳ್ಳಕೆರೆಯ ಅಮೃತಮಹಲ್ ಕಾವಲಿನಂಥ ಹುಲ್ಲಿನ ಬಯಲು, ಹತ್ತರಷ್ಟು ನೆರಳಿಲ್ಲದ ಕಾರಣ ಈ ಲೆಕ್ಕದಲ್ಲಿ ಅರಣ್ಯದ ಹೊದಿಕೆಯಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಬಯಲನ್ನು ಬಯಸುವ ಮೃಗದ ನಡುವೆ ನೀಲಗಿರಿ ಮರಗಳನ್ನು ನೆಟ್ಟುದು ಉಂಟು. ನೆಟ್ಟವರು ದುಷ್ಟರಲ್ಲ, ಕಾಡೆಂದರೆ ಮರ ಎಂದು ಓದಿ ಬಂದವರು. ಚರಕನ ಕಾಲದ ವೈದ್ಯನೊಬ್ಬ ಅಲ್ಲಿ ನಿಂತಿದ್ದರೆ, ಇದು ಜಾಂಗಲ ದೇಶ, ಇಲ್ಲಿ ಎರೆಳೆ ಮೇಯಬೇಕು, ಮರವನ್ನೇಕೆ ತುರುಕುತ್ತೀರಿ ಎನ್ನುತ್ತಿದ್ದನೇನೋ. ಹೆಸರು ಕಳೆದುಕೊಂಡ ಬಯಲು ಸರ್ಕಾರದ ಕಡತದಲ್ಲಿ ಪಾಳುಭೂಮಿಯಾಯಿತು. ಪಾಳೆಂದ ಮೇಲೆ ಅದನ್ನು ಯಾರಿಗೆ ಕೊಟ್ಟರೂ ಕೇಳುವವರಿಲ್ಲ.

2023ರಲ್ಲಿ ಪಾರ್ಲಿಮೆಂಟು 1980ರ ಶಾಸನವನ್ನು ತಿದ್ದಿತು. ಆ ವರ್ಷದ ಡಿಸೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಕಾನೂನಿನಂತೆ ಅರಣ್ಯವೆಂದು ಘೋಷಿತವಾದುದು ಮತ್ತು 1980ರ ಅಕ್ಟೋಬರ್ 25ರಂದು ಅಥವಾ ಅನಂತರ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದುದು, ಇವೆರಡಕ್ಕೆ ಮಾತ್ರ ಶಾಸನ ಅನ್ವಯ. ಅಂದರೆ ನಿಘಂಟನ್ನು ಮುಚ್ಚಿ ಕಡತವನ್ನು ತೆರೆದಂತಾಯಿತು. ದಾಖಲೆಗೆ ಬಾರದ ಕಾಡಿನ ಗತಿಯೇನೆಂದು ಹಲವರು ನ್ಯಾಯಾಲಯದ ಮೆಟ್ಟಿಲೇರಿದರು. 2024ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು, ಗುರುತಿಸುವ ಕಾರ್ಯ ಮುಗಿಯುವ ತನಕ 1996ರ ಅರ್ಥವನ್ನೇ ರಾಜ್ಯಗಳು ಅನುಸರಿಸಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. 2025ರ ಮಾರ್ಚಿಯಲ್ಲಿ, ತಜ್ಞ ಸಮಿತಿಗಳನ್ನು ಇನ್ನೂ ನೇಮಿಸದ ರಾಜ್ಯಗಳಿಗೆ ಗಡುವು ವಿಧಿಸಿತು.

ತಿದ್ದುಪಡಿಯೊಡನೆ ಶಾಸನದ ಹೆಸರೂ ಬದಲಾಯಿತು: ‘ವನ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ್’. ಹೆಸರಿಟ್ಟವರು ಸಂಸ್ಕೃತವನ್ನು ಎಷ್ಟು ಆಲೋಚಿಸಿ ಇಟ್ಟರೋ ಕಾಣೆ. ಆದರೆ ಪದ ಅವರ ಮನಸ್ಸನ್ನು ಅವರಿಗಿಂತ ಚೆನ್ನಾಗಿ ಹೇಳಿಬಿಟ್ಟಿದೆ. ವನವನ್ನು ಸಂವರ್ಧಿಸಬಹುದು, ನೆಡಬಹುದು, ನೀರೆರೆಯಬಹುದು. ಅರಣ್ಯವನ್ನು ನೆಡಲು ಬಾರದು. ಇಲ್ಲಿ ನೂರು ಹೆಕ್ಟೇರು ಮಳೆಗಾಡು ಅಣೆಕಟ್ಟಿಗೆ ಹೋದರೆ ಇನ್ನೆಲ್ಲಿಯೋ ಗಿಡ ನೆಟ್ಟು ಸರಿದೂಗಿಸುವ ಪರಿಹಾರಾತ್ಮಕ ಅರಣ್ಯೀಕರಣದ ಹಿಂದೆ ಇರುವುದು ಈ ಎರಡು ಮಾತುಗಳನ್ನು ಒಂದೇ ಎಂದು ಬಗೆದ ಎಣಿಕೆ. ಹಳೆಯ ಕವಿಗಳು ಪಾಂಡವರನ್ನು ಕಳುಹಿಸಿದ್ದು ಅರಣ್ಯಪರ್ವಕ್ಕೆ. ಆ ಹೆಸರಿನಲ್ಲಿದ್ದ ಭಯವೂ ಗೌರವವೂ ಗಿಡ ನೆಡುವ ಟೆಂಡರಿನಲ್ಲಿ ಹುಟ್ಟುವಂಥದಲ್ಲ.

ಪದದ ವ್ಯಾಖ್ಯೆಯಿಂದ ನೆಲ ನಡುಗುವ ಪ್ರಸಂಗ ಇದೊಂದೇ ಅಲ್ಲ. 2025ರ ನವೆಂಬರಿನಲ್ಲಿ ಅರಾವಳಿ ಬೆಟ್ಟವೆಂದರೆ ಸುತ್ತಲ ನೆಲದಿಂದ 100 ಮೀಟರು ಮೇಲೆದ್ದುದು ಎಂಬ ವ್ಯಾಖ್ಯೆಯನ್ನು ಸುಪ್ರೀಂ ಕೋರ್ಟು ಅಂಗೀಕರಿಸಿತು. ಗುಡ್ಡಗಳ ಬಹುಭಾಗ ಗಣಿಗೆ ತೆರೆದುಕೊಳ್ಳುವುದೆಂದು ಉತ್ತರದಲ್ಲೆಲ್ಲ ಕೂಗೆದ್ದ ಮೇಲೆ ಡಿಸೆಂಬರಿನಲ್ಲಿ ತನ್ನ ಆದೇಶವನ್ನು ತಾನೇ ತಡೆಹಿಡಿಯಿತು. ಶಿರಸಿಯ ತೋಟಿಗನಾಗಿದ್ದರೆ ಇದನ್ನು ಕೇಳಿ ನಗುತ್ತಿದ್ದ; ಅವನ ಬೆಟ್ಟಕ್ಕೆ ಹತ್ತು ಮೀಟರೂ ಬೇಡ.

1996ರ ಆದೇಶವನ್ನು ನಾನು ಹಳಿಯಲಾರೆ. ನಿಘಂಟಿನ ಅರ್ಥವೆಂಬ ಆ ಅಡ್ಡಗೋಡೆ ಇಲ್ಲದಿದ್ದರೆ, ಯಾವ ದಾಖಲೆಯಲ್ಲಿಯೂ ಇಲ್ಲದ ಕಾಡುಗಳು ಎಂದೋ ಸಾಮಿಲ್ಲುಗಳಿಗೆ ಹೋಗಿರುತ್ತಿದ್ದವು. 2023ರ ಶಾಸನ ಹಿಡಿದ ಕಡತದ ದಾರಿ ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡತಗಳನ್ನು ಕಂಡವರು ಯಾರೂ ಕಾಡನ್ನು ಅವುಗಳಿಗೆ ಒಪ್ಪಿಸಲಾರರು. ಆದರೆ ನಿಘಂಟನ್ನು ತೆರೆಯುವುದಾದರೆ ಆ ನೆಲದ ನಿಘಂಟನ್ನೂ ತೆರೆಯಬೇಕು. ತಜ್ಞ ಸಮಿತಿಗಳು ಸರ್ವೆ ನಂಬರು, ವಿಸ್ತೀರ್ಣ, ಮರಗಳ ಎಣಿಕೆ ಇವುಗಳ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಹಾಕಿಕೊಂಡರೆ ಖರ್ಚು ಹೆಚ್ಚಾಗದು: ಊರವರು ಈ ನೆಲವನ್ನು ಏನೆಂದು ಕರೆಯುತ್ತಾರೆ? ಕಾನೆಂದರೆ ಮೆಣಸು, ಜೇನು, ನೀರಿನ ಲೆಕ್ಕ ಆ ಮಾತಿನೊಳಗೇ ಇದೆ. ಸೊಪ್ಪಿನ ಬೆಟ್ಟವೆಂದರೆ ಅಲ್ಲಿ ಸೊಪ್ಪಿಗೆ ಹಕ್ಕುಂಟು, ಮನೆ ಕಟ್ಟಲು ಇಲ್ಲ. ಕಾವಲೆಂದರೆ ಹುಲ್ಲು ಬೇಕು, ಗಿಡ ಬೇಡ. ದೇವರಕಾಡೆಂದರೆ ಕೊಡಲಿ ಒಯ್ಯುವಂತಿಲ್ಲ. 79ನೆಯ ಪ್ರಕರಣ ಇವುಗಳಲ್ಲಿ ಎಷ್ಟನ್ನೋ ಆಗಲೇ ಅಚ್ಚು ಹಾಕಿಸಿದೆ. 1868ರಲ್ಲಿ ಸೊರಬಕ್ಕೆ ಹೋದ ಇಬ್ಬರು ದೊರೆಗಳು ಕೂಡ ಕಾನಿಗೆ ಇಂಗ್ಲಿಷ್ ಪದವನ್ನು ಹುಡುಕುವ ಗೋಜಿಗೆ ಹೋಗದೆ ಕಾನ್ ಎಂದೇ ಬರೆದುಕೊಂಡಿದ್ದರು.